ಒಂದು ಮಾಸ್ಕು, ಹಲವು ಸೀರೆ

ಮನುಷ್ಯರ ತಲೆ ಕತ್ತರಿಸುವುದರಲ್ಲಿ ಗದಗ-ಬೆಟಗೇರಿಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಗಾಬರಿಯಾಗಬೇಡಿ. ನನ್ನದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಅಭಿನಂದನೆ, ಶ್ರದ್ಧಾಂಜಲಿ ಯಾವುದೇ ಇರಲಿ, ಜನ ಮೊಬೈಲಿನಲ್ಲಿ ಒಂದು ಫೋಟೋ ತರುತ್ತಾರೆ. ಅದರ ಹಿಂದೆ ಸುಣ್ಣ ಉದುರಿದ ಗೋಡೆ, ಒಣಹಾಕಿದ ಬನಿಯನ್, ಇಣುಕುತ್ತಿರುವ ಎಮ್ಮೆ ಎಲ್ಲ ಇರುತ್ತವೆ. ಅವನ್ನೆಲ್ಲ ತೆಗೆದು, ತಲೆ ಮತ್ತು ಹೆಗಲು ಮಾತ್ರ ಉಳಿಸಿ, ನೀಲಿ ಆಕಾಶದಲ್ಲಿ ಕೂಡಿಸುವುದು ನನ್ನ ಕಸುಬು. ನಾನು ಕತ್ತರಿಸಿದ ತಲೆ ನೋಡಿ ತಲೆಯ ಮಾಲೀಕರೇ, "ಖರೇನ ನಾ ಇಷ್ಟ ಚಂದ ಅದೀನೇನ್ರಿ?" ಎಂದು ಕೇಳಿದ್ದುಂಟು.

ಆದ್ದರಿಂದ ನಿಂತ ಚಿತ್ರ ಬಿಟ್ಟು ಓಡಾಡುವ ಚಿತ್ರಕ್ಕೆ ಕೈ ಹಾಕಬೇಕೆಂದು ಮನಸ್ಸಾದಾಗ ನನಗೆ ಎಳ್ಳಷ್ಟೂ ಅಳುಕಾಗಲಿಲ್ಲ. ತಲೆ ಅದೇ ತಲೆ. ಸ್ವಲ್ಪ ಅಲ್ಲಾಡುತ್ತದೆ, ಅಷ್ಟೇ. ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ಮನೆಯ ಮುಂಭಾಗದಲ್ಲೇ ಇರುವ ಅಂಗಡಿಯ ಕಂಪ್ಯೂಟರಿಗೆ ಹಾಕಿಸಿಕೊಂಡು, ಮೊಬೈಲಿನಲ್ಲಿ ಪಾಠ ನೋಡುತ್ತ ಕಲಿಯತೊಡಗಿದೆ. ಪಾಠ ಹೇಳುವವನು ಬಹಳ ವೇಗವಾಗಿ ಹೇಳುತ್ತಿದ್ದ. ನಾನು ಅವನಿಗಿಂತ ವೇಗವಾಗಿ ಅರ್ಥ ಮಾಡಿಕೊಂಡೆ. ಎಷ್ಟು ವೇಗವಾಗಿ ಎಂದರೆ, ಹಲವು ಸಲ ಅವನು ಹೇಳುವುದಕ್ಕೂ ಮೊದಲೇ ನನಗೆ ಅರ್ಥವಾಗಿಬಿಡುತ್ತಿತ್ತು!

ಇದೇ ಹೊತ್ತಿಗೆ ನನ್ನ ಹೆಂಡತಿ ಸುಮಂಗಲಾಳ ಅಣ್ಣ ವೀರಭದ್ರಪ್ಪ ಲಕ್ಷ್ಮೇಶ್ವರದ ಬಜಾರಿನಲ್ಲಿ ಸೀರೆ ಅಂಗಡಿ ತೆರೆಯುವುದೆಂದು ಗೊತ್ತಾಯಿತು. ವೀರಭದ್ರಪ್ಪ ಎತ್ತರದ ಆಳು. ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ. ಮೀಸೆಯಂತೂ ಅವನು ಬರುವುದಕ್ಕೆ ಒಂದು ಕ್ಷಣ ಮೊದಲೇ ಒಳಗೆ ಬರುತ್ತದೆ. ಸಂಬಂಧಿಕರಲ್ಲಿ ಅವನು ನಕ್ಕದ್ದನ್ನು ನೋಡಿದವರು ಕಡಿಮೆ, ಅವನನ್ನು ನೋಡಿ ನಕ್ಕವರು ಯಾರೂ ಇಲ್ಲ. ಅವನು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೇಳಿದ:

"ಅಂಗಡಿ ಮುಂದ ಒಂದ ದೊಡ್ಡ ಎಲ್‌ಇಡಿ ಪರದೆ ನಿಲ್ಲಸ್ತೀನಿ. ಅದರಾಗ ನಮ್ಮ ಸೀರಿ ಒಂದರ ಹಿಂದ ಒಂದು ಬರಬೇಕು. ಕಡೀಕ ನಾ ಬಂದು ಕೈ ಮುಗದು ಜನರನ್ನ ಕರೀಬೇಕು. ಅಂಥಾದು ಯಾರ ಮಾಡಿಕೊಡ್ತಾರು, ಬಸಣ್ಣ?"

"ಯಾರರೇ ಯಾಕ್ರಿ ಅಣ್ಣಾರ? ನಾ ಇಲ್ಲೇನು?" ಎಂದೆ.

ರೊಟ್ಟಿ ಬಡಿಸುತ್ತಿದ್ದ ಸುಮಂಗಲಾಳ ಕೈ ಗಾಳಿಯಲ್ಲಿಯೇ ನಿಂತಿತು. ಅಣ್ಣ ಹೋದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ನೋಡ್ರಿ, ಇದು ನನ್ನ ತವರುಮನಿ ಕೆಲಸ. ಹೆಚ್ಚುಕಮ್ಮಿ ಆದ್ರ ಪಂಚಮಿಗೆ ನಾ ಯಾವ ಮಾರಿ ಹೊತ್ಕೊಂಡು ಅಲ್ಲಿಗೆ ಹೋಗ್ಲಿ?"

ನಾನು ನಕ್ಕೆ. ಆಗ ನಗು ಬರುತ್ತಿತ್ತು.

ಸೀರೆ ತೋರಿಸಬೇಕೆಂದರೆ ಉಟ್ಟುಕೊಳ್ಳುವವರು ಬೇಕು. ನಾನು ಸುಮಂಗಲಾಳ ಕಡೆ ನೋಡಿದೆ. ಅವಳು ಗೋಡೆಯ ಕಡೆ ನೋಡಿದಳು.

"ಅಷ್ಟೂ ಸೀರಿ ಉಟ್ಟು ಬಿಚ್ಚಿ, ಉಟ್ಟು ಬಿಚ್ಚಿ ಮಾಡೂದು ನನ್ನ ಕೈಲೆ ಆಗೂದಿಲ್ಲ."

"ಅಷ್ಟೂ ಯಾಕ? ಒಂದ ಸೀರಿ ಉಡು. ಒಂದ ಸುತ್ತ ತಿರುಗು. ಉಳಿದದ್ದೆಲ್ಲಾ ನಾ ಮಾಸ್ಕ್ ಹಾಕಿ ಮಾಡ್ತೀನಿ."

"ಮಾಸ್ಕ? ಮತ್ತ ಆ ರೋಗ ಬಂತೇನ್ರಿ?"

ಅವಳಿಗೆ ಸಮಾಧಾನದಿಂದ ವಿವರಿಸಿದೆ. ಚಿತ್ರದ ಪದರಿನಲ್ಲಿ ಬೇಕಾದ ಆಕಾರದ ಕಿಂಡಿ ಕೊರೆಯುವುದಕ್ಕೆ ಮಾಸ್ಕ್ ಎನ್ನುತ್ತಾರೆ. ಆ ಕಿಂಡಿಯಷ್ಟೇ ಕಾಣುತ್ತದೆ, ಉಳಿದದ್ದು ಮುಚ್ಚಿಕೊಳ್ಳುತ್ತದೆ. ನೀನು ಉಟ್ಟ ಸೀರೆಯ ಗುಂಟ ಗೆರೆ ಎಳೆದು ಕಿಂಡಿ ಮಾಡಿದರೆ, ಆ ಕಿಂಡಿಯಲ್ಲಿ ಹಸಿರು ಸೀರೆ ಇಟ್ಟರೆ ನೀನು ಹಸಿರು ಸೀರೆಯವಳು, ಕೆಂಪು ಇಟ್ಟರೆ ಕೆಂಪು ಸೀರೆಯವಳು.

"ಹಂಗಂದ್ರ ರಂಗೋಲಿ ಅಚ್ಚು ಇದ್ದಂಗ," ಎಂದಳು. "ಒಮ್ಮಿ ತೂತು ಕೊರದ್ರ ಮುಗೀತು, ಯಾವ ಬಣ್ಣಾ ಬೇಕಾದ್ರೂ ಉದುರಿಸಬಹುದು."

ನಾನು ವಾರಗಟ್ಟಲೆ ಕಲಿತದ್ದನ್ನು ಅವಳು ಹಿಟ್ಟು ನಾದುತ್ತ ಮುಗಿಸಿದಳು. ನನಗೆ ಅದು ಸರಿಬೀಳಲಿಲ್ಲ. "ಅಷ್ಟ ಸರಳ ಇರೂದಿಲ್ಲ ಅದು," ಎಂದು ಗಂಭೀರವಾಗಿ ಹೇಳಿದೆ.

ಚಿತ್ರೀಕರಣಕ್ಕೆ ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯದ ಗಿಡಗಳ ನೆರಳು ಚೆನ್ನಾಗಿರುತ್ತದೆ ಎಂದು ನನ್ನ ಅಭಿಪ್ರಾಯವಿತ್ತು. "ಹುಲಿ ನೋಡಾಕ ಬಂದವರು ನನ್ನ ನೋಡಿ ಹೋಗಬೇಕೇನು?" ಎಂದು ಅವಳು ಅದನ್ನು ತಳ್ಳಿಹಾಕಿದಳು. ಕೊನೆಗೆ ನಮ್ಮ ಮನೆಯ ಮಾಳಿಗೆಯ ಮೇಲೆ ಹಿನ್ನೆಲೆಗೆ ಹಸಿರು ಬಟ್ಟೆ ಕಟ್ಟಿ, ಅವಳಿಗೆ ಸಾದಾ ಕೆನೆಬಣ್ಣದ ಸೀರೆ ಉಡಿಸಿ ನಿಲ್ಲಿಸಿದೆ. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗಿರಣಿಯ ಕಲ್ಲಿನಂತೆ ನಿಧಾನಕ್ಕೆ ಒಂದು ಸುತ್ತು ತಿರುಗಿ, ಕೈ ಮುಗಿದು ನಿಂತಳು.

ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಗಿಸುತ್ತಿದ್ದ ನೆರೆಮನೆಯಾಕೆ ಭಕ್ತಿಯಿಂದ ಕೇಳಿದಳು: "ಏನ ಹರಕಿ ಹೊತ್ತೀರಿ ಸುಮಕ್ಕಾ?"

"ನನ್ನ ಗಂಡಗ ಬುದ್ಧಿ ಬರಲಿ ಅಂತ್ರಿ!" ಎಂದಳು ಇವಳು, ಕೈ ಇಳಿಸದೆಯೇ.

ಮುಂದಿನದು ನನ್ನ ಕೆಲಸ. ಸುಮಂಗಲಾ ತಿರುಗಿದಂತೆಲ್ಲ ಸೆರಗು ತಿರುಗುತ್ತದೆ, ನೆರಿಗೆ ಸರಿಯುತ್ತದೆ. ಅದಕ್ಕೆ ತಕ್ಕ ಹಾಗೆ ಮಾಸ್ಕಿನ ಗೆರೆಯನ್ನೂ ಹೆಜ್ಜೆಹೆಜ್ಜೆಗೆ ಎಳೆದು ಕೂಡಿಸಬೇಕು. ಕಣ್ಣು ಕೆಂಪಾಗುವವರೆಗೆ ಎಳೆದೆ. ಮುಗಿದಾಗ ಮಾಸ್ಕ್ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಒಳಗೆ ಯಾವ ಸೀರೆ ಇಟ್ಟರೂ ಅದು ಸುಮಂಗಲಾಳ ಮೈಮೇಲೆಯೇ ನೇಯ್ದಂತೆ ಕೂರುತ್ತಿತ್ತು. ಒಂದೊಂದು ಸೀರೆಗೆ ಒಂದೊಂದು ಪದರು, ಒಂದೊಂದು ಪದರಿಗೂ ಆ ಮಾಸ್ಕಿನ ಒಂದು ನಕಲು. ಹೆಮ್ಮೆಯಿಂದ ಹೆಂಡತಿಯನ್ನು ಕರೆದು ತೋರಿಸಿದೆ.

ಅವಳು ಸೀರೆ ನೋಡಲಿಲ್ಲ. "ನನ್ನ ನಡಾ ಇಷ್ಟ ದಪ್ಪ ಐತೇನ್ರಿ?" ಎಂದಳು.

ಇಂಥ ಪ್ರಶ್ನೆಗೆ ಉತ್ತರ ಕೊಡದಷ್ಟು ಸಂಸಾರದ ಅನುಭವ ನನಗಿತ್ತು. ಮಾಸ್ಕನ್ನು ನಡುವಿನಲ್ಲಿ ಚೂರು ಒಳಗೆ ತಳ್ಳಿದೆ. ಹಸಿರು ಸೀರೆಯಲ್ಲಿ ಅವಳು ತೆಳ್ಳಗಾದಳು. ಮುಂದಿನ ಕೆಂಪು ಸೀರೆ ಬಂದೊಡನೆ ಮತ್ತೆ ಮೊದಲಿನಂತಾದಳು. ಹಳದಿಗೆ ಬಂದಾಗ ಇನ್ನೂ! ಒಂದೊಂದು ನಕಲನ್ನೂ ಬೇರೆ ಬೇರೆ ತಿದ್ದುವುದೆಂದರೆ ನಾನೇ ತೆಳ್ಳಗಾಗಿ ಹೋಗುತ್ತೇನೆ ಎನಿಸಿತು.

ಆಗ ಪಾಠದಲ್ಲಿ ಒಂದು ಉಪಾಯ ಸಿಕ್ಕಿತು. ಒಂದು ಮಾಸ್ಕನ್ನು ತಾಯಿ ಮಾಡಬಹುದು, ಉಳಿದವನ್ನು ಅದಕ್ಕೆ ಕಟ್ಟಿ ಮಕ್ಕಳು ಮಾಡಬಹುದು. ತಾಯಿಯನ್ನು ತಿದ್ದಿದರೆ ಮಕ್ಕಳೆಲ್ಲ ತಾವೇ ತಿದ್ದಿಕೊಳ್ಳುತ್ತವೆ. ಮನುಷ್ಯರಲ್ಲಿ ಕಾಣಸಿಗದ ಈ ವಿಧೇಯತೆ ಕಂಪ್ಯೂಟರಿನಲ್ಲಿ ಇದೆಯೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಹಾಗೆಯೇ ಮಾಡಿದೆ. ತಾಯಿ ಮಾಸ್ಕಿಗೆ 'ಸುಮಂಗಲಾ' ಎಂದೇ ಹೆಸರಿಟ್ಟೆ. ಒಂದು ಕಡೆ ನಡ ಒತ್ತಿದರೆ ಅಷ್ಟೂ ಸೀರೆಯಲ್ಲಿ ಅವಳ ನಡ ಸಣ್ಣದಾಯಿತು. "ಈಗ ಸ್ವಲ್ಪ ನನ್ನಂಗ ಕಾಣಾಕತ್ತೀನಿ ನೋಡ್ರಿ," ಎಂದು ಅವಳು ಚಹಾ ತಂದುಕೊಟ್ಟಳು. ಆ ಚಹಾ ನನ್ನ ತಲೆಗೇರಿತು.

ಇನ್ನು ಉಳಿದದ್ದು ವೀರಭದ್ರಪ್ಪ. ತಾನು ಕೈ ಮುಗಿದು ಮಾತಾಡುವುದನ್ನು ಅವನು ಅಂಗಡಿಯ ಮುಂದೆ ನಿಂತು ಮೊಬೈಲಿನಲ್ಲಿ ತೆಗೆಸಿ ಕಳಿಸಿದ್ದ. ಗತ್ತಿಗೆ ಏನೂ ಕಡಿಮೆ ಇರಲಿಲ್ಲ. ಆದರೆ ಅವನ ತಲೆಯ ಹಿಂದೆ ಪಕ್ಕದ ಚಪ್ಪಲಿ ಅಂಗಡಿಯ ಚಪ್ಪಲಿಗಳು ಸಾಲಾಗಿ ತೂಗಾಡುತ್ತಿದ್ದವು. ಚಪ್ಪಲಿ ತೆಗೆಯಬೇಕು, ವೀರಭದ್ರಪ್ಪನನ್ನು ಉಳಿಸಬೇಕು. ಅಂದರೆ ಅವನ ಸುತ್ತಲೂ ಒಂದು ಮಾಸ್ಕ್ ಬೇಕು.

ಮತ್ತೆ ಮೊದಲಿನಿಂದ ಗೆರೆ ಎಳೆಯುವುದೇ? ನಾನು ವಿಚಾರ ಮಾಡಿದೆ. ಅಣ್ಣ ತಂಗಿ ಒಂದೇ ಎತ್ತರ. ಒಂದೇ ಮೈಕಟ್ಟು, ಇದನ್ನು ಮನೆಯಲ್ಲಿ ಹೇಳುವಂತಿಲ್ಲ. ಇಬ್ಬರೂ ಕೈ ಮುಗಿದು ನಿಂತಿದ್ದಾರೆ. ಅವಳಿಗೆ ಸೆರಗಿರುವ ಕಡೆ ಇವನಿಗೆ ಶಲ್ಯ, ಅವಳಿಗೆ ನೆರಿಗೆ ಇರುವ ಕಡೆ ಇವನಿಗೆ ಪಂಚೆಯ ಕಚ್ಚೆ. ಸಿದ್ಧವಾದ ಮಾಸ್ಕ್ ಇರುವಾಗ ಹೊಸದು ಮಾಡುವುದು ಜಾಣತನವಲ್ಲ! 'ಸುಮಂಗಲಾ' ಮಾಸ್ಕಿನ ಒಂದು ನಕಲು ತೆಗೆದು ವೀರಭದ್ರಪ್ಪನ ಮೇಲೆ ಅಂಟಿಸಿದೆ. ತಲೆ, ಮೀಸೆ ಮತ್ತು ಮುಗಿದ ಕೈಗೆ ಮಾತ್ರ ಪ್ರತ್ಯೇಕ ಗೆರೆ ಎಳೆದೆ. ಕಂಪ್ಯೂಟರಿನ ಮೂಲೆಯ ಚಿಕ್ಕ ಚೌಕದಲ್ಲಿ, ಓಡಿಸದೆ ನಿಲ್ಲಿಸಿ ನೋಡಿದರೆ ಚೆನ್ನಾಗಿಯೇ ಕಾಣಿಸಿತು. ಆ ನಕಲನ್ನು ತಾಯಿಯಿಂದ ಬಿಡಿಸಬೇಕಿತ್ತು. ಆಮೇಲೆ ಬಿಡಿಸಿದರಾಯಿತು ಎಂದುಕೊಂಡೆ.

ಉದ್ಘಾಟನೆಯ ದಿನ ಬೆಳಿಗ್ಗೆ ವೀರಭದ್ರಪ್ಪನ ಫೋನು ಬಂತು. "ಬಸಣ್ಣ, ಹೊಸಾ ಸೀರಿ ಬಂದಾವು. ಫೋಟೋ ಕಳಿಸೀನಿ. ಹಳೇವು ತಗದು ಇವನ್ನ ಹಾಕು."

ಹೊರಗೆ ಮೆಹಬೂಬನ ವಾಹನ ಬಂದು ಹಾರ್ನ್ ಹೊಡೆಯುತ್ತಿತ್ತು. ಮೆಹಬೂಬ ಶಿರಹಟ್ಟಿಯವನು. ಲಾರಿಯ ಬೆನ್ನಿಗೆ ದೊಡ್ಡ ಎಲ್‌ಇಡಿ ಪರದೆ ಕೂಡಿಸಿಕೊಂಡು ಸಭೆ-ಸಮಾರಂಭಗಳಿಗೆ ಬಾಡಿಗೆಗೆ ಹೋಗುತ್ತಾನೆ. "ಜಲ್ದಿ ಕೊಡ್ರಿ ಸಾಹೇಬ್ರ, ಬಿಸಲ ಏರಿದ್ರ ಪರದೆ ಕಾಣೂದಿಲ್ಲ!" ಎಂದು ಅವನು ಬಾಗಿಲಲ್ಲಿ ನಿಂತು ಕೂಗಿದ.

ಇದಕ್ಕೂ ನನ್ನ ಹತ್ತಿರ ಉಪಾಯವಿತ್ತು. 'ಸುಮಂಗಲಾ' ಮಾಸ್ಕಿನ ಮಕ್ಕಳನ್ನೆಲ್ಲ ಹುಡುಕಿ, ಎಲ್ಲದರಲ್ಲಿಯೂ ಹೊಸ ಸೀರೆಗಳನ್ನು ಒಂದರ ಹಿಂದೆ ಒಂದು ತುಂಬು ಎಂದು ಕಂಪ್ಯೂಟರಿಗೆ ಒಂದೇ ಅಪ್ಪಣೆ ಕೊಟ್ಟೆ. ಅದು ಕ್ಷಣದಲ್ಲಿ ತುಂಬಿತು. ಸಿದ್ಧವಾದ ವಿಡಿಯೋದ ಮೊದಲ ಭಾಗ ಓಡಿಸಿದೆ. ಸುಮಂಗಲಾ ತಿರುಗಿದಳು, ಹೊಸ ಸೀರೆಗಳು ಮಿಂಚಿದವು.

"ಪೂರ್ತಿ ಒಮ್ಮಿ ನೋಡಿ ಕೊಡ್ರಲಾ," ಎಂದಳು ಸುಮಂಗಲಾ, ಹೂ ಮುಡಿಯುತ್ತ.

"ಮುಂದಿನದು ನಿಮ್ಮಣ್ಣಂದು. ಅವರದಾಗ ಬದಲಾಗೂದು ಏನೈತಿ?" ಎಂದು ಪೆನ್‌ಡ್ರೈವನ್ನು ಮೆಹಬೂಬನ ಕೈಗೆ ಕೊಟ್ಟುಬಿಟ್ಟೆ.

ನಾವು ಲಕ್ಷ್ಮೇಶ್ವರ ಮುಟ್ಟಿದಾಗ ಅಂಗಡಿಯ ಮುಂದೆ ಜನ ತುಂಬಿದ್ದರು. ಬೀಗರು, ಬಜಾರಿನ ವ್ಯಾಪಾರಿಗಳು, ಬೆಟಗೇರಿಯ ನೇಕಾರರು, ಪುಗಸಟ್ಟೆ ಪೇಢೆಗೆ ಬಂದವರು ಎಲ್ಲ ಇದ್ದರು. ವೀರಭದ್ರಪ್ಪ ತೆಂಗಿನಕಾಯಿ ಹಿಡಿದು ಪರದೆಗೆ ಬೆನ್ನು ಮಾಡಿ, ಬಂದವರನ್ನು ಎದುರುಗೊಳ್ಳುತ್ತಿದ್ದ. ಮೆಹಬೂಬ ವಿಡಿಯೋ ಹಚ್ಚಿ, ಮುಗಿದರೆ ಮತ್ತೆ ಮೊದಲಿನಿಂದ ಬರುವಂತೆ ಇಟ್ಟು, ತನ್ನ ಕ್ಯಾಬಿನ್ನಿಗೆ ಕೀಲಿ ಹಾಕಿ ಚಹಾಕ್ಕೆ ಹೋದ.

ಪರದೆಯ ಮೇಲೆ ಸುಮಂಗಲಾ ಆಳೆತ್ತರವಾಗಿ ಮೂಡಿದಳು. ತಿರುಗಿದಳು. ಹಸಿರು ನೀಲಿಯಾಯಿತು, ನೀಲಿ ಕುಂಕುಮವಾಯಿತು. ಹೆಣ್ಣುಮಕ್ಕಳು "ಅಯ್ಯ, ಎಷ್ಟ ಚಂದ!" ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಸುಮಂಗಲಾ ನನ್ನ ಕಡೆ ತಿರುಗಿ ಮದುವೆಯಾದಾಗಿನಿಂದ ನಾನು ನೋಡಿರದ ಒಂದು ನೋಟ ನೋಡಿದಳು. ನಾನು ಕಾಲರು ಸರಿಮಾಡಿಕೊಂಡೆ.

ಆಮೇಲೆ ವೀರಭದ್ರಪ್ಪ ಬಂದ.

ತಲೆ ಅವನದೇ. ಮೀಸೆ ಅವನದೇ, ಒಂದು ಕೂದಲೂ ಕೊಂಕಿರಲಿಲ್ಲ. ಮುಗಿದ ಕೈಯೂ ಅವನದೇ. ಕುತ್ತಿಗೆಯಿಂದ ಕೆಳಗೆ ಮಾತ್ರ ಬದನೆಕಾಯಿ ಬಣ್ಣದ ಸೀರೆ! ಕಂಪ್ಯೂಟರಿಗೆ ಅಣ್ಣ ಯಾರು, ತಂಗಿ ಯಾರು ಎನ್ನುವ ಭೇದವಿಲ್ಲ. ಮಾಸ್ಕಿನ ಮಗು ಎಂದರೆ ಮಗು. ಅದು ಅವನಿಗೂ ಸೀರೆ ಉಡಿಸಿತ್ತು. ಮೇಲಾಗಿ ಮಾಸ್ಕಿನಲ್ಲಿ ಸುಮಂಗಲಾ ತಿರುಗಿದ ಚಲನೆ ಹಾಗೆಯೇ ಉಳಿದಿತ್ತು. ವೀರಭದ್ರಪ್ಪ ಕಂಬದಂತೆ ನಿಂತಿದ್ದರೂ ಅವನ ಸೆರಗು ತಾನಾಗಿಯೇ ಬೀಸಿ, ನೆರಿಗೆ ಚಿಮ್ಮಿ, ನಡ ನಾಜೂಕಾಗಿ ಬಳುಕಿತು. ನಡ ನಾನೇ ಸಣ್ಣ ಮಾಡಿದ್ದೆನಲ್ಲ!

ಮತ್ತು ಅವನು ಮಾತಾಡಿದ. ಧ್ವನಿ ಗುಡುಗಿನಂತಿತ್ತು:

"ಅಕ್ಕಾ-ತಂಗೇರ, ಈ ಅಂಗಡ್ಯಾಗ ಇರೂ ಒಂದೊಂದು ಸೀರೀನೂ ನಾನ ಖುದ್ದ ಪರೀಕ್ಷಾ ಮಾಡಿ ಆರಿಸೀನಿ!"

'ಪರೀಕ್ಷಾ' ಎನ್ನುವಾಗ ಬದನೆಕಾಯಿ ಹೋಗಿ ಗಿಳಿಹಸಿರು ಬಂತು.

ಬಜಾರಿನಲ್ಲಿ ನಗು ಎದ್ದಿತು. ಮೊದಲು ಹೆಂಗಸರ ಕಡೆಯಿಂದ, ಆಮೇಲೆ ಎಲ್ಲ ಕಡೆಯಿಂದ. ನೇಕಾರನೊಬ್ಬ ನಕ್ಕು ನಕ್ಕು ರಸ್ತೆಯಲ್ಲೇ ಕುಳಿತುಬಿಟ್ಟ. ಪರದೆಗೆ ಬೆನ್ನು ಮಾಡಿ ನಿಂತಿದ್ದ ನಿಜವಾದ ವೀರಭದ್ರಪ್ಪ, ಜನ ತನ್ನನ್ನು ಕಂಡು ಸಂತೋಷಪಡುತ್ತಿದ್ದಾರೆಂದು ತಿಳಿದು, ಇನ್ನಷ್ಟು ಬಾಗಿ ತೆಂಗಿನಕಾಯಿ ಸಹಿತ ಕೈ ಮುಗಿದ. ಮೇಲೆ ಗಿಳಿಹಸಿರು ಸೀರೆಯ ವೀರಭದ್ರಪ್ಪ, ಕೆಳಗೆ ಬಿಳಿಪಂಚೆಯ ವೀರಭದ್ರಪ್ಪ, ಇಬ್ಬರೂ ಒಂದೇ ಸಲ ಕೈ ಮುಗಿದದ್ದನ್ನು ನೋಡಿ ಜನರಿಗೆ ಉಸಿರು ಸಿಕ್ಕಲಿಲ್ಲ.

ನಾನು ವಾಹನದ ಕಡೆ ಓಡಿದೆ. ಕ್ಯಾಬಿನ್ನಿಗೆ ಕೀಲಿ. ಮೆಹಬೂಬನ ಪತ್ತೆಯಿಲ್ಲ. ಏನಾದರೂ ಮಾಡಿ ಪರದೆ ಮುಚ್ಚಬೇಕು. ಅಂಗಡಿಯ ಮುಂದೆ ತೂಗುಹಾಕಿದ್ದ ಒಂದು ಸೀರೆ ಕಿತ್ತುಕೊಂಡು, ಲಾರಿ ಹತ್ತಿ, ಎರಡೂ ಕೈಯಿಂದ ಪರದೆಯ ಮೇಲೆ ಹಿಡಿದೆ. ಗಡಿಬಿಡಿಯಲ್ಲಿ ಕೈಗೆ ಸಿಕ್ಕದ್ದು ಇದ್ದುದರಲ್ಲಿ ಬಹಳ ತೆಳುವಾದದ್ದು. ಅದರ ಮೂಲಕ ಮೀಸೆ ಮೊದಲಿಗಿಂತ ಹೆಚ್ಚು ಮೋಹಕವಾಗಿ ಕಾಣತೊಡಗಿತು.

"ಬಟ್ಟಿ ಎಷ್ಟ ತೆಳು ಐತಿ ತೋರ್ಸಾಕತ್ತಾರ ನೋಡ್ರಿ!" ಎಂದು ಕೆಳಗೆ ಯಾರೋ ಮೆಚ್ಚಿಕೊಂಡರು.

ಅಷ್ಟರಲ್ಲಿ ವೀರಭದ್ರಪ್ಪ ತಿರುಗಿ ನೋಡಿದ. ತೆಂಗಿನಕಾಯಿ ಅವನ ಕೈಯಿಂದ ಜಾರಿ ಬಿದ್ದು ತಾನಾಗಿಯೇ ಒಡೆಯಿತು. ಉದ್ಘಾಟನೆ ಆದದ್ದು ಹೀಗೆ.

ಪರದೆ ಆರಿದ್ದು ಸುಮಂಗಲಾಳಿಂದ. ಅವಳು ಯಾರನ್ನೂ ಕೇಳದೆ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಲಾರಿಯ ಹಿಂದೆ ಗುರುಗುಟ್ಟುತ್ತಿದ್ದ ಜನರೇಟರನ್ನು ಬಂದ್ ಮಾಡಿದಳು. ಕತ್ತಲಾದ ಪರದೆಯ ಮುಂದೆ ಸೀರೆ ಅಗಲಿಸಿ ಹಿಡಿದು ನಾನೊಬ್ಬನೇ ಉಳಿದೆ.

ಅಂಗಡಿಯ ಒಳಕೋಣೆಯಲ್ಲಿ ವೀರಭದ್ರಪ್ಪ ಸೀರೆಯ ಗಂಟಿನ ಮೇಲೆ ಕುಳಿತಿದ್ದ. ಶಲ್ಯವನ್ನು ಮಡಚುತ್ತ, ಬಿಚ್ಚುತ್ತ ಇದ್ದ. ಬೈದಿದ್ದರೆ ಚೆನ್ನಾಗಿತ್ತು.

"ಅಣ್ಣಾರ, ಅದು ಏನಾತಂದ್ರ, ಮಾಸ್ಕಿನ ತಾಯಿ..." ಎಂದು ಶುರುಮಾಡಿದೆ.

"ತಾಯಿ ಹೆಸರ ತಗೀಬ್ಯಾಡ," ಎಂದ ಅವನು. ಧ್ವನಿ ಸಣ್ಣಗಾಗಿತ್ತು. "ಈ ಬಜಾರದಾಗ ನನ್ನ ಕಂಡ್ರ ಮಂದಿ ಎದ್ದ ನಿಲ್ತಿದ್ರು, ಬಸಣ್ಣ. ಇನ್ನ ಎದ್ದ ನಿಲ್ತಾರೋ, ಬಿದ್ದ ನಗ್ತಾರೋ?"

ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಸುಮಂಗಲಾ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಅವಳ ಪಂಚಮಿ ನನ್ನ ಕಣ್ಣೆದುರು ಬಂತು.

ಆಗ ಹೊರಗಿನಿಂದ ಒಬ್ಬ ಅಜ್ಜಿ ಇಣುಕಿದಳು. ಮುಂಡರಗಿಯವಳು, ಮೊಮ್ಮಗಳ ಮದುವೆಯ ಜವಳಿಗೆ ಬಂದಿದ್ದಳಂತೆ. ವೀರಭದ್ರಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೇಳಿದಳು: "ಯಪ್ಪಾ, ನೀ ಮದಲ ಉಟ್ಟಿದ್ದೆಲಾ, ಬದನಿಕಾಯಿ ಬಣ್ಣದ್ದು, ಅದನ್ನ ತೋರ್ಸು."

ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ.

"ನಿನ್ನಂಥಾ ದಪ್ಪ ಆಳಿಗೇ ಅಷ್ಟ ಒಪ್ಪತೈತಿ ಅಂದ್ರ ನಮ್ಮ ಹುಡಿಗಿಗೆ ಒಪ್ಪಲಾರದೇನು?" ಎಂದಳು ಅಜ್ಜಿ.

ವೀರಭದ್ರಪ್ಪ ನಿಧಾನವಾಗಿ ಎದ್ದ. ಮೀಸೆಯ ಕೆಳಗೆ ಏನೋ ಅಲ್ಲಾಡಿತು. ಅದು ನಗುವೆಂದು ನಮಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು, ರೂಢಿ ಇರಲಿಲ್ಲವಲ್ಲ. "ಬರ್ರಿ ಯಮ್ಮಾ, ಕುಂಡ್ರಿ," ಎಂದು ಅವನು ಹೊರಗೆ ಹೋದ.

ಜನ ಮೊಬೈಲಿನಲ್ಲಿ ಹಿಡಿದುಕೊಂಡದ್ದು ಶಿರಹಟ್ಟಿ, ಮುಂಡರಗಿ, ಗದಗ ಎಲ್ಲ ಸುತ್ತಾಡಿತು. ಕುರ್ತಕೋಟಿಯಿಂದ ಬಂದ ಹೆಂಗಸರು ಬಾಗಿಲಲ್ಲಿಯೇ, "ಮೀಸಿ ಸೀರಿ ಅಂಗಡಿ ಇದ ಏನ್ರಿ?" ಎಂದು ಕೇಳತೊಡಗಿದರು. ವೀರಭದ್ರಪ್ಪ ಮೊದಲು ಸಿಡುಕಿದ, ಆಮೇಲೆ ಸುಮ್ಮನಾದ, ಕೊನೆಗೆ "ಹೌದ್ರಿ, ನಾನ ಅವ," ಎನ್ನತೊಡಗಿದ. ಪಂಚಮಿಗೆ ಸುಮಂಗಲಾ ತವರಿಗೆ ಹೋಗಿ ಉಂಡಿ ತಿಂದು, ಬದನೆಕಾಯಿ ಬಣ್ಣದ ಸೀರೆ ಉಟ್ಟುಕೊಂಡೇ ಬಂದಳು.

ದೀಪಾವಳಿ ಹತ್ತಿರ ಬಂದಾಗ ವೀರಭದ್ರಪ್ಪ ತಾನಾಗಿಯೇ ನನ್ನ ಅಂಗಡಿಗೆ ಬಂದ.

"ಬಸಣ್ಣ, ಹೊಸಾ ಮಾಲ ಬಂದೈತಿ. ಮತ್ತ ಅಂಥಾದ ಒಂದು ಮಾಡಿಕೊಡು. ಹಂಗ ನನಗ ಉಡಿಸು. ಆ ಸೆರಗ ಬೀಸ್ತಿತ್ತಲಾ, ಹಂಗ ಬೀಸಬೇಕು."

"ಅದರಾಗೇನೈತ್ರಿ ಅಣ್ಣಾರ!" ಎಂದೆ.

ಅದರಲ್ಲಿ ಏನೂ ಇರಲಿಲ್ಲ. ಉದ್ಘಾಟನೆಯಿಂದ ಮನೆಗೆ ಬಂದವನೇ ಅವಮಾನದ ಭರದಲ್ಲಿ ಮಾಳಿಗೆಯ ಮೇಲೆ ತೆಗೆದ ಚಿತ್ರವನ್ನೂ ತಾಯಿ ಮಾಸ್ಕನ್ನೂ ಅಳಿಸಿ ಹಾಕಿದ್ದೆ. ಮಕ್ಕಳೂ ತಾಯಿಯ ಹಿಂದೆಯೇ ಹೋಗಿದ್ದವು. ಮತ್ತೊಮ್ಮೆ ಮಾಳಿಗೆಯ ಮೇಲೆ ತಿರುಗಲು ಸುಮಂಗಲಾ ಒಪ್ಪಲಿಲ್ಲ. ಆದ್ದರಿಂದ ವೀರಭದ್ರಪ್ಪನ ಸುತ್ತಲೇ, ಈ ಸಲ ಎಲ್ಲ ನಿಯಮ ಪಾಲಿಸಿ, ಹೊಸ ಗೆರೆ ಎಳೆದೆ. ಸೀರೆ ಉಡಿಸಿದರೆ ಸೆರಗು ಕುತ್ತಿಗೆಗೆ ಸುತ್ತಿಕೊಂಡು ನೇಣಿನಂತೆ ಕಂಡಿತು. ಅದನ್ನು ಬಿಡಿಸಿದರೆ ಮೀಸೆ ಹೋಯಿತು. ಮೀಸೆ ತಂದರೆ ನೆರಿಗೆ ಮೊಣಕಾಲಿಗೇರಿತು. ದಿನಗಟ್ಟಲೆ ಒದ್ದಾಡಿ, ಸುಮಾರು ಒಪ್ಪುವಂಥದ್ದೊಂದನ್ನು ತಯಾರಿಸಿ ಅವನ ಮುಂದಿಟ್ಟೆ.

ವೀರಭದ್ರಪ್ಪ ಕಣ್ಣು ಕಿರಿದು ಮಾಡಿ ಕೊನೆಯವರೆಗೂ ನೋಡಿದ. ನಗಲಿಲ್ಲ.

"ಹಂಗ ಆಗಿಲ್ಲೋ ಬಸಣ್ಣ," ಎಂದ ಬೇಸರದಿಂದ. "ಮದಲಿನದರಾಗ ಒಂದು ಸಹಜತಾ ಇತ್ತು."

ಅವನು ಈಗ ಆ ಕೆಲಸವನ್ನು ಹುಬ್ಬಳ್ಳಿಯ ಒಂದು ಸ್ಟುಡಿಯೋದವರಿಗೆ ಕೊಟ್ಟಿದ್ದಾನೆ. ಅವರು ನನ್ನ ತಪ್ಪನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತಿದ್ದಾರಂತೆ. ಬೇಕೆಂದೇ ತಪ್ಪು ಮಾಡುವುದಕ್ಕೂ ಒಂದಿಷ್ಟು ಕೆಲಸ ಬರಬೇಕಾಗುತ್ತದೆ!